ಮರದ ಮೇಲಿನ ಹೂವಿಗೆ ಅಂಗಳದಲ್ಲೊಂದು ಜಾಗ

ನಮ್ಮ ಮದುವೆ ಹಾಲ್‌ಗಳಿಗೆ ಹೋಗಿ ಬಂದವರೆಲ್ಲ ಆರ್ಕಿಡ್ ನೋಡಿದವರೇ. ಸ್ಟೇಜಿನ ಹಿಂಬದಿಗೆ ಸಾಲಾಗಿ ಚುಚ್ಚುವ, ನೇರಳೆ ಅಂಚಿನ ಬಿಳಿ ಹೂವು ಉಂಟಲ್ಲ, ಅದು ಡೆಂಡ್ರೋಬಿಯಂ ಎಂಬ ಆರ್ಕಿಡ್. ಮದುಮಗಳ ಕಾರಿಗೆ ಅಂಟಿಸುವುದೂ ಹೆಚ್ಚಾಗಿ ಅದನ್ನೇ. ಹೂವು ಗೊತ್ತುಂಟು, ಹೆಸರು ಗೊತ್ತಿಲ್ಲ, ಅಷ್ಟೇ. ಬಿಸಿಲಿಗೆ ಮಲ್ಲಿಗೆ ಸಂಜೆಯೊಳಗೆ ಬಾಡಿದರೂ ಈ ಹೂವು ವಾರ ಕಳೆದರೂ ಹಾಗೆಯೇ ಇರುತ್ತದೆ. ಅದಕ್ಕೇ ಡೆಕೊರೇಷನ್‌ನವರಿಗೆ ಇದು ಇಷ್ಟ.

ಆರ್ಕಿಡ್ ಅಂದರೆ ಶ್ರೀಮಂತರ ಮನೆಯ ಹೂವು, ನಮ್ಮಂಥವರಿಗೆ ಆಗುವುದಲ್ಲ ಎಂಬ ಮಾತು ನಮ್ಮಲ್ಲಿ ಉಂಟು. ನಿಜ ಹೇಳುವುದಾದರೆ ಈ ಕುಟುಂಬದ ಗಿಡಗಳು ನಮಗೆ ಹೊಸತಲ್ಲ. ಐಸ್‌ಕ್ರೀಮಿಗೆ ಹಾಕುವ ವೆನಿಲ್ಲಾ ಒಂದು ಆರ್ಕಿಡ್ ಬಳ್ಳಿಯ ಕೋಡು. ಗಲ್ಫ್‌ನಲ್ಲಿ ದುಡಿದು ಬಂದವರು ಚಳಿಗಾಲದಲ್ಲಿ ಅರಬಿಗಳ ಹೋಟೆಲುಗಳಲ್ಲಿ ಕುಡಿದಿರಬಹುದಾದ ಬಿಸಿ ಹಾಲಿನ 'ಸಹ್ಲಬ್' ಕೂಡ ಮೂಲದಲ್ಲಿ ಆರ್ಕಿಡ್ ಗೆಡ್ಡೆಯ ಪುಡಿಯಿಂದ ಮಾಡುವುದು. ಅರಬಿಯಲ್ಲಿ ಆರ್ಕಿಡ್‌ಗೆ ಹೆಸರೇ ಸಹ್ಲಬ್. ಯುನಾನಿ ಅಂಗಡಿಯ 'ಸಾಲಬ್ ಮಿಸ್ರಿ' ಸಹ ಇದೇ ಜಾತಿಯದ್ದು. ಒಂದು ಕಿಲೋ ಪುಡಿಗೆ ಸಾವಿರಕ್ಕೂ ಹೆಚ್ಚು ಗೆಡ್ಡೆ ಅಗೆಯಬೇಕು. ಟರ್ಕಿಯ ಗುಡ್ಡಗಳಲ್ಲಿ ಹಾಗೆ ಅಗೆದು ಅಗೆದು ಕೆಲವು ಜಾತಿಗಳು ಅಪರೂಪವಾಗಿವೆ. ಈಗ ಅಂಗಡಿಯಲ್ಲಿ ಸಿಗುವ ಸಹ್ಲಬ್ ಪ್ಯಾಕೆಟ್‌ಗಳಲ್ಲಿ ಹೆಚ್ಚಿನವು ಬರೀ ಜೋಳದ ಹಿಟ್ಟು ಮತ್ತು ಪರಿಮಳ.

ಬಂದಣಿಕೆ ಅಲ್ಲ

ಮರದ ಮೇಲೆ ಬೇರೆ ಗಿಡ ಕಂಡರೆ ನಮ್ಮ ಹಿರಿಯರು ಹೇಳುವ ಮಾತು ಒಂದೇ, 'ಬಂದಣಿಕೆ ಹಿಡಿದಿದೆ, ಕಡಿದು ಹಾಕಿ.' ಬಂದಣಿಕೆ ಮರದ ರಸ ಹೀರುವ ಗಿಡ, ಅದನ್ನು ಕಡಿಯುವುದು ಸರಿಯೇ. ಆರ್ಕಿಡ್ ಹಾಗಲ್ಲ. ಅದು ಮರದ ತೊಗಟೆಯನ್ನು ಹಿಡಿದುಕೊಂಡು ಕುಳಿತುಕೊಳ್ಳುತ್ತದೆ, ಮರದ ಒಳಗೆ ಬೇರು ಇಳಿಸುವುದಿಲ್ಲ. ಗಾಳಿಯ ತೇವ, ಮಳೆಯ ನೀರು, ತೊಗಟೆಯ ಸಂದಿಯಲ್ಲಿ ಸೇರುವ ಕಸ ಇಷ್ಟರಲ್ಲೇ ಅದರ ಜೀವನ. ಬಾಡಿಗೆ ಕೊಡದ ಬಿಡಾರ ಅಂತ ಬೇಕಾದರೆ ಹೇಳಿ, ಕಳ್ಳ ಅಂತ ಹೇಳಬಾರದು.

ನಮ್ಮ ಹಳೇ ಮಾವು, ಹಲಸಿನ ಮರಗಳಲ್ಲಿ ಇಂಥ ಗಿಡಗಳು ಈಗಲೂ ಕಾಣಲು ಸಿಗುತ್ತವೆ. ಮಳೆ ಆರಂಭದ ಹೊತ್ತಿಗೆ ನರಿಯ ಬಾಲದ ಹಾಗೆ ಇಳಿಬೀಳುವ ಗುಲಾಬಿ ಬಿಳಿ ಹೂಗೊಂಚಲು ಸೀತಾಳೆ ದಂಡೆ. ಮಲೆನಾಡಿನಲ್ಲಿ ಸೀತಾಳೆ ಎಂಬುದು ಆರ್ಕಿಡ್‌ಗಳಿಗೆ ಇರುವ ಸಾಮಾನ್ಯ ಹೆಸರು. ಗಡಿ ದಾಟಿದರೆ ಮಲಯಾಳದಲ್ಲಿ ಇಂಥವುಗಳಿಗೆ ಮರವಾಳ, ಅಂದರೆ ಮರದ ಬಾಳೆ ಎನ್ನುತ್ತಾರೆ. ಅಸ್ಸಾಮಿನಲ್ಲಿ ಇದೇ ಸೀತಾಳೆ ದಂಡೆ ರಾಜ್ಯದ ಹೂವು. ಬಿಹು ಹಬ್ಬದಲ್ಲಿ ಹುಡುಗಿಯರು ಇದನ್ನು ಮುಡಿಯುತ್ತಾರೆ. ಒಂದೇ ಹೂವು, ಅಲ್ಲಿ ತಲೆಯ ಮೇಲೆ, ಇಲ್ಲಿ ಕತ್ತಿಯ ಬಾಯಿಗೆ.

ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ತಂದ ಪುಸ್ತಕದ ಪ್ರಕಾರ ನಮ್ಮ ದೇಶದಲ್ಲಿ 1,256 ಜಾತಿಯ ಆರ್ಕಿಡ್‌ಗಳಿವೆ. ಇವುಗಳಲ್ಲಿ 757 ಮರದ ಮೇಲೆ ಬೆಳೆಯುವಂಥವು. ಉಳಿದವುಗಳಲ್ಲಿ ಹೆಚ್ಚಿನವು ನೆಲದವು.

ಇಷ್ಟೊಂದು ಜಾತಿ ಇದ್ದೂ ಗಿಡ ಯಾಕೆ ಅಪರೂಪ? ಕಾರಣ ಬೀಜದಲ್ಲಿದೆ. ಒಂದು ಕೋಡಿನಲ್ಲಿ ಲಕ್ಷಗಟ್ಟಲೆ ಬೀಜ ಇರಬಹುದು, ಆದರೆ ಅದು ಗೋಧಿ ಹಿಟ್ಟಿನ ಧೂಳಿನಷ್ಟು ಸಣ್ಣದು. ಬತ್ತದ ಕಾಳಿಗೆ, ತೆಂಗಿನಕಾಯಿಗೆ ಇರುವ ಹಾಗೆ ಮೊಳಕೆಗೆ ಬೇಕಾದ ಆಹಾರದ ಬುತ್ತಿ ಅದಕ್ಕಿಲ್ಲ. ಬಿದ್ದ ಜಾಗದಲ್ಲಿ ಒಂದು ಬಗೆಯ ಶಿಲೀಂಧ್ರ ಬಂದು ಕೂಡಿದರೆ ಮಾತ್ರ ಮೊಳಕೆ. 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಈ ಗುಟ್ಟನ್ನು ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರ ಇಲ್ಲದೆಯೂ ಸಕ್ಕರೆ ಬೆರೆಸಿದ ಅಗರ್‌ನಲ್ಲಿ ಬೀಜ ಮೊಳೆಸಬಹುದು ಎಂದು ತೋರಿಸಿಕೊಟ್ಟರು. 1960ರಲ್ಲಿ ಫ್ರಾನ್ಸಿನವರೇ ಆದ ಜಾರ್ಜ್ ಮೊರೆಲ್, ಚಿಗುರಿನ ತುದಿಯ ಸಣ್ಣ ಚೂರಿನಿಂದ ಅದೇ ಗಿಡದ ನೂರಾರು ಮರಿ ಮಾಡುವ ದಾರಿ ತೆರೆದರು. ಇಂದು ನರ್ಸರಿಯಲ್ಲಿ 200-300 ರೂಪಾಯಿಗೆ ಗಿಡ ಕೈಗೆ ಬರುವುದು ಇವರ ದುಡಿಮೆಯಿಂದ. ಗಾಜಿನ ಬಾಟಲಿಯಲ್ಲಿ ಹುಟ್ಟಿದ ಗಿಡ ಕೊಂಡರೆ ಕಾಡಿನ ಗಿಡ ಕಾಡಲ್ಲೇ ಉಳಿಯುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬರುತ್ತದೆ.

ತಿಂಗಳಿಗೊಂದು ಮನೆ

ಮಂಗಳೂರು ಸುತ್ತಮುತ್ತ ಆರ್ಕಿಡ್ ಬೆಳೆಸುವವರ ಸಣ್ಣದೊಂದು ಕೂಟ ಇದೆ. ಇಪ್ಪತ್ತು ಚಿಲ್ಲರೆ ಜನ. ನಿವೃತ್ತ ಬ್ಯಾಂಕಿನವರು, ಕ್ರೈಸ್ತ ಟೀಚರ್ ಒಬ್ಬರು, ಅಡಿಕೆ ತೋಟದವರು, ಗಲ್ಫ್ ಬಿಟ್ಟು ಬಂದ ನಮ್ಮವರು ಮೂರು ನಾಲ್ಕು ಮಂದಿ, ಮತ್ತೆ ನಮ್ಮ ಮನೆಗಳ ಕೆಲವು ಉಮ್ಮಂದಿರು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯ ಅಂಗಳದಲ್ಲಿ ಸೇರುವುದು. ಬೆಳಗ್ಗಿನ ಮದ್ರಸ ಮುಗಿಸಿ ನಾನೂ ಹೋಗಿ ಕುಳಿತುಕೊಳ್ಳುತ್ತೇನೆ. ಭಾಷಣ ಇಲ್ಲ, ಸನ್ಮಾನ ಇಲ್ಲ. ಸತ್ತು ಹೋಗುತ್ತಿರುವ ಗಿಡ ಇದ್ದರೆ ತರಬೇಕು, ಅದೇ ಅಲ್ಲಿಯ ಪಾಠ.

ಹೊಸಬರು ತರುವ ಗಿಡಗಳ ಕಾಯಿಲೆ ಹೆಚ್ಚು ಕಡಿಮೆ ಒಂದೇ. ಅಂಗಡಿಯಿಂದ ತಂದು ಪ್ರೀತಿಯಿಂದ ಕೆಂಪು ಮಣ್ಣು, ಗೊಬ್ಬರ ಹಾಕಿ ನೆಟ್ಟಿರುತ್ತಾರೆ, ದಿನಕ್ಕೆ ಎರಡು ಸಲ ನೀರು. ಹದಿನೈದು ದಿನಕ್ಕೆ ಬೇರು ಕೊಳೆತು ಕಪ್ಪಾಗುತ್ತದೆ. ಟೀಚರ್ ಬೇರನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, "ಇದು ಬಾಯಾರಿಕೆಯಿಂದ ಸತ್ತದ್ದಲ್ಲ ಮಾರಾಯ್ರೆ, ಮುಳುಗಿ ಸತ್ತದ್ದು" ಎನ್ನುತ್ತಾರೆ. ಆಮೇಲೆ ಕೊಳೆತದ್ದನ್ನು ಕತ್ತರಿಸಿ, ಗಟ್ಟಿ ಇರುವ ಎರಡು ಬೇರು ಉಳಿಸಿ ಕೊಡುತ್ತಾರೆ. ಎಷ್ಟೋ ಗಿಡ ಹಾಗೆ ಬದುಕಿದ್ದುಂಟು.

ನಮ್ಮ ಹವೆಗೆ ಹೇಗೆ?

ಕರಾವಳಿಯ ಸೆಖೆ ಮತ್ತು ತೇವ ಡೆಂಡ್ರೋಬಿಯಂ, ವಾಂಡ, ಮೊಕಾರ, ಆನ್ಸಿಡಿಯಂಗಳಿಗೆ ಹಿತ. ಚಿಟ್ಟೆಯ ಹಾಗೆ ಕಾಣುವ ಫೆಲನಾಪ್ಸಿಸ್ ಕೂಡ ನೆರಳಲ್ಲಿ ಬೆಳೆಯುತ್ತದೆ. ಚಳಿಯ ರಾತ್ರಿ ಬೇಕಾದ ದೊಡ್ಡ ಹೂವಿನ ಸಿಂಬಿಡಿಯಂ ನಮ್ಮಲ್ಲಿ ಎಲೆ ಬಿಡುತ್ತದೆ, ಹೂವು ಬಿಡುವುದಿಲ್ಲ. ಆದ್ದರಿಂದ ಊಟಿ, ಸಿಕ್ಕಿಂ ಕಡೆ ಪ್ರವಾಸ ಹೋದವರು ಚೆಂದ ಕಂಡಿತೆಂದು ಅದನ್ನು ತಂದು ದುಡ್ಡು ಕಳೆದುಕೊಳ್ಳಬೇಡಿ.

ಕುಂಡಕ್ಕೆ ಮಣ್ಣು ಬೇಡ. ಇದ್ದಿಲು, ಒಡೆದ ಹಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು ಸಾಕು. 1865ರಲ್ಲಿ ಬಾಸೆಲ್ ಮಿಷನ್ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಊರಿಗೆ ಹಂಚಿನ ಬರ ಬಂದದ್ದೇ ಇಲ್ಲ. ಹಳೇ ಮನೆ ಕೆಡವಿದಲ್ಲಿ ಒಂದು ಗೋಣಿ ಚೂರು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಸಿಪ್ಪೆಯನ್ನು ಮಾತ್ರ ಕೆಲವು ದಿನ ನೀರಲ್ಲಿ ನೆನೆಸಿ, ಕಂದು ನೀರು ಚೆಲ್ಲಿ, ಮತ್ತೆ ತೊಳೆದು ಹಾಕಬೇಕು. ಮಳೆಗಾಲದಲ್ಲಿ ಸಿಪ್ಪೆ ನೀರು ಕುಡಿದು ಕೊಳೆಯುವುದರಿಂದ, ಹೊರಗೆ ಇಡುವ ಗಿಡಕ್ಕೆ ಇದ್ದಿಲು ಮತ್ತು ಹಂಚು ಮಾತ್ರ ಒಳ್ಳೆಯದು. ವಾಂಡಕ್ಕೆ ಅದೂ ಬೇಡ, ಖಾಲಿ ಬುಟ್ಟಿಯಲ್ಲಿ ಬೇರು ಬಿಟ್ಟು ತೂಗುಹಾಕಿದರೆ ಸಾಕು.

ನೀರು ಯಾವಾಗ ಎಂಬುದನ್ನು ಬೇರೇ ಹೇಳುತ್ತದೆ. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಉಂಟು. ಒಣಗಿದಾಗ ಬೆಳ್ಳಗೆ ಬೆಳ್ಳಿಯ ಹಾಗೆ, ನೀರು ಹೀರಿದಾಗ ಹಸಿರು. ಬೆಳ್ಳಗಿದ್ದರೆ ಹಾಕಿ, ಹಸಿರಿದ್ದರೆ ಸುಮ್ಮನಿರಿ. ಡೆಂಡ್ರೋಬಿಯಂಗೆ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಸಾಕು, ಫೆಲನಾಪ್ಸಿಸ್‌ಗೆ ಅದಕ್ಕಿಂತ ಹೆಚ್ಚು ನೆರಳು. ಗೊಬ್ಬರ 19:19:19 ಒಂದು ಲೀಟರ್ ನೀರಿಗೆ 1 ಗ್ರಾಂ, ವಾರಕ್ಕೊಮ್ಮೆ. ಹೆಚ್ಚು ಹಾಕಿದರೆ ಬೇರು ಸುಡುತ್ತದೆ. ಮೀನು ತೊಳೆದ ನೀರು ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಉಂಟು, ತೆಂಗಿನ ಬುಡಕ್ಕೆ ಅದು ಆದೀತು, ಆರ್ಕಿಡ್ ಕುಂಡಕ್ಕೆ ಬೇಡ. ಇರುವೆ, ನೊಣ ಎಲ್ಲ ಬಂದು ಸೇರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಯೇ ದೊಡ್ಡ ಪರೀಕ್ಷೆ. ಆಗ ಗಿಡಗಳನ್ನು ಪಾರದರ್ಶಕ ಶೀಟಿನ ಅಡಿಗೆ ತಂದು, ಒಂದಕ್ಕೊಂದು ತಾಗದ ಹಾಗೆ ಗಾಳಿ ಆಡುವಂತೆ ಇಡಬೇಕು. ಎಲೆಯ ಸಂದಿಯಲ್ಲಿ ನೀರು ನಿಂತರೆ ಕೊಳೆರೋಗ. ರಾತ್ರಿ ಟಾರ್ಚ್ ಹಿಡಿದು ಬಸವನಹುಳ ಹೆಕ್ಕಬೇಕು. ಡೆಂಡ್ರೋಬಿಯಂನ ಎಲೆ ಉದುರಿದ ಹಳೇ ದಂಟನ್ನು ಒಣಗಿತೆಂದು ಕತ್ತರಿಸುವವರಿದ್ದಾರೆ. ಅದರಲ್ಲಿ ಆಹಾರ ಇರುತ್ತದೆ, ಕೆಲವೊಮ್ಮೆ ಅದರಿಂದಲೇ ಮರಿ ಗಿಡ ಬರುತ್ತದೆ. ಪೂರ್ತಿ ಸುರುಟಿ ಕಂದಾಗುವ ತನಕ ಬಿಡಿ.

ಪ್ರದರ್ಶನದ ಮೇಜು

ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಕದ್ರಿ ಪಾರ್ಕ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದವರಿಗೆ ಹೂವಿನ ಜಾತ್ರೆ ಗೊತ್ತು. ಆರ್ಕಿಡ್ ಕೂಟದ ಪ್ರದರ್ಶನ ಅಷ್ಟು ದೊಡ್ಡದಲ್ಲ. ಒಂದು ಹಾಲ್, ಬಿಳಿ ಬಟ್ಟೆ ಹಾಸಿದ ಹತ್ತು ಮೇಜು, ಎರಡು ದಿನ. ಆದರೆ ತಯಾರಿ ಮೂರು ತಿಂಗಳ ಮೊದಲೇ ಶುರು.

ಮೊಗ್ಗು ಮೂಡಿದ ಮೇಲೆ ಕುಂಡವನ್ನು ತಿರುಗಿಸಬಾರದು. ಹೂವು ಬೆಳಕಿನ ಕಡೆ ಮುಖ ಮಾಡುತ್ತದೆ, ತಿರುಗಿಸಿದರೆ ಒಂದು ಆಚೆ, ಒಂದು ಈಚೆ ನೋಡುತ್ತದೆ. ಹೂದಂಟಿಗೆ ಸಪೂರ ಕೋಲು ಕಟ್ಟಬೇಕು. ಎಲೆಗಳ ಮೇಲಿನ ಕಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸಾಗಿಸುವಾಗ ಹೂವುಗಳ ನಡುವೆ ಹತ್ತಿ ಇಡಬೇಕು. ಕಾರಿನಲ್ಲಿ ಹಣ್ಣಾದ ಬಾಳೆಗೊನೆ, ಮಾವು ಜೊತೆಗೆ ಇಡಲೇಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಹೂವು ಬಾಡಿ ಮೊಗ್ಗು ಉದುರುತ್ತದೆ.

ತೀರ್ಪು ಹೇಗೆ? ಅಮೆರಿಕನ್ ಆರ್ಕಿಡ್ ಸೊಸೈಟಿಯ ಪದ್ಧತಿಯಲ್ಲಿ 100 ಅಂಕ. 75ರಿಂದ 79 ಬಂದರೆ ಒಂದು ಮನ್ನಣೆ, 80ರಿಂದ 89 ಬಂದರೆ ಅದರ ಮೇಲಿನದ್ದು, 90 ದಾಟಿದರೆ ಎಲ್ಲಕ್ಕಿಂತ ದೊಡ್ಡದು. ಹೂವಿನ ಆಕಾರ, ಬಣ್ಣ, ಗಾತ್ರ, ಗೊಂಚಲಲ್ಲಿ ಎಷ್ಟು ಹೂವು, ಹೇಗೆ ಜೋಡಣೆ ಎಂದೆಲ್ಲ ಬಿಡಿಸಿ ನೋಡುತ್ತಾರೆ. ಸಣ್ಣ ಕೂಟಗಳಲ್ಲಿ ಅಷ್ಟೆಲ್ಲ ಇಲ್ಲ. ಗಿಡ ಆರೋಗ್ಯವಾಗಿದೆಯಾ, ಹುಳ ಉಂಟಾ, ಹೆಸರಿನ ಚೀಟಿ ಸರಿ ಇದೆಯಾ ಎಂದು ಮೊದಲು ನೋಡುವುದು. ಚೀಟಿ ಇಲ್ಲದ ಗಿಡಕ್ಕೆ ಅಂಕ ಇಲ್ಲ. ಇದು ಹಟಕ್ಕಾಗಿ ಅಲ್ಲ. ಆರ್ಕಿಡ್ ಮಿಶ್ರತಳಿಗಳಿಗೆ ನಿಕಾಹ್ ರಿಜಿಸ್ಟರ್ ಥರ ಒಂದು ದಾಖಲೆ ಉಂಟು, ತಾಯಿ ಯಾವುದು, ತಂದೆ ಯಾವುದು ಎಂದು ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಬರೆದಿಡುತ್ತದೆ. ಮನುಷ್ಯ ಮಾಡಿದ ಮೊದಲ ಮಿಶ್ರತಳಿ ಆರ್ಕಿಡ್ ಇಂಗ್ಲೆಂಡಿನಲ್ಲಿ ಹೂಬಿಟ್ಟದ್ದು 1856ರಲ್ಲಿ. ಅಂದಿನಿಂದ ಹುಟ್ಟಿದ ಲಕ್ಷಕ್ಕೂ ಹೆಚ್ಚು ತಳಿಗಳ ವಂಶಾವಳಿ ಕೆದಕಿದರೆ ಸಿಗುತ್ತದೆ.

ಮಾವಿನ ಮರದ ಸೀತಾಳೆ

ಕಳೆದ ಪ್ರದರ್ಶನದ ಮೊದಲು ಕೂಟದಲ್ಲಿ ಒಂದು ಚರ್ಚೆ ಆಯಿತು. ಅದನ್ನು ಹೇಳಬೇಕು ಎಂದೇ ಈ ಲೇಖನ.

ನಮ್ಮಲ್ಲಿ ಒಬ್ಬರು ಉಮ್ಮ ಇದ್ದಾರೆ, ವಯಸ್ಸು ಅರುವತ್ತು ದಾಟಿದೆ. ಮಕ್ಕಳೆಲ್ಲ ಹೊರಗೆ. ರಸ್ತೆ ಅಗಲ ಮಾಡುವಾಗ ಅವರ ಅಂಗಳದ ಅರ್ಧ ಹೋಯಿತು, ಜೊತೆಗೆ ಅವರು ಮದುವೆಯಾಗಿ ಬಂದಾಗಲೇ ದೊಡ್ಡದಾಗಿದ್ದ ಮಾವಿನ ಮರವೂ ಹೋಯಿತು. ಮರದ ಕೊಂಬೆಯಲ್ಲಿ ಸೀತಾಳೆ ದಂಡೆಯ ದೊಡ್ಡ ಹಿಂಡು. ಮರ ಕಡಿಯಲು ಬಂದವರು ಅದನ್ನು ಬಂದಣಿಕೆ ಅಂತ ಬೆಂಕಿಗೆ ಹಾಕುವವರಿದ್ದರು. ಉಮ್ಮ ಅಡ್ಡ ನಿಂತು, ಕೊಂಬೆ ಸಮೇತ ಕೆಳಗೆ ಇಳಿಸಿ ಒಳಗೆ ತಂದಿಟ್ಟರು. ಪರಿಹಾರದ ದುಡ್ಡು ಮರದ ಲೆಕ್ಕಕ್ಕೆ ಬಂತು, ಹೂವಿನ ಲೆಕ್ಕ ಯಾರಲ್ಲೂ ಇರಲಿಲ್ಲ.

ಆ ಗಿಡವನ್ನು ಪ್ರದರ್ಶನದಲ್ಲಿ ಇಡಬೇಕೆಂದು ಅವರ ಆಸೆ. ಹೂವು ಆ ವರ್ಷ ಹದಿನೆಂಟು ಗೊಂಚಲು. ಮೇಜಿನ ಮೇಲೆ ಇಟ್ಟಿದ್ದರೆ ಮೊದಲ ಬಹುಮಾನ ಅದಕ್ಕೇ ಎಂದು ನೋಡಿದವರೆಲ್ಲ ಹೇಳಿದರು. ಆದರೆ ಕೂಟದ ನಿಯಮ, ಕಾಡಿನಿಂದ ತಂದ ಗಿಡ ಮೇಜಿಗೆ ಬರಬಾರದು.

"ಇದು ಕಾಡಿಂದಲ್ಲ, ನನ್ನ ಅಂಗಳದ್ದು. ನಾನೇ ನೋಡಿ ಬೆಳೆಸಿದ್ದು" ಎಂದರು ಉಮ್ಮ. ಮಾತು ಸತ್ಯ. ಕೆಲವರು ಅವರ ಪರ, ಕೆಲವರು ನಿಯಮದ ಪರ. ಕೊನೆಗೆ ಅಡಿಕೆ ತೋಟದ ಹಿರಿಯರು ಹೇಳಿದರು: "ಉಮ್ಮ, ನಿಮ್ಮ ಗಿಡ ನಿಮ್ಮದೇ ಅಂತ ನಮಗೆ ಗೊತ್ತುಂಟು. ನೋಡ್ಲಿಕ್ಕೆ ಬರುವ ಜನಕ್ಕೆ ಗೊತ್ತಾಗ್ಲಿಕ್ಕಿಲ್ಲವಲ್ಲ. ಸೀತಾಳೆಗೆ ಬಹುಮಾನ ಬಂತು ಅಂತ ಪೇಪರಲ್ಲಿ ಬಂದ್ರೆ, ಬರುವ ವರ್ಷ ಚಾರ್ಮಾಡಿ ಕಡೆಯಿಂದ ಗೋಣಿಯಲ್ಲಿ ತುಂಬಿಸಿ ತರ್ತಾರೆ. ಅದಕ್ಕೆ ನಾವು ಕಾರಣ ಆಗೋದು ಬೇಡ."

ಉಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಖದಲ್ಲಿ ಬೇಜಾರು ಕಾಣುತ್ತಿತ್ತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಇದನ್ನು ಎಲ್ಲಿ ಇಡುವುದು? ನನ್ನ ಮನೆಯಲ್ಲಿ ಇನ್ನು ಮರ ಇಲ್ಲ."

ಆ ಪ್ರಶ್ನೆಗೆ ಕೂಟದಲ್ಲಿ ಎಲ್ಲರ ಬಳಿ ಉತ್ತರ ಇತ್ತು. ಗಿಡವನ್ನು ಐದು ಪಾಲು ಮಾಡಿದರು. ಒಂದು ಪಾಲು ನಮ್ಮ ಮದ್ರಸದ ಹಿಂದಿನ ಹಲಸಿನ ಮರಕ್ಕೆ, ಒಂದು ಟೀಚರ್ ಕಲಿಸುತ್ತಿದ್ದ ಶಾಲೆಯ ಮಾವಿಗೆ, ಉಳಿದದ್ದು ಮೂವರ ತೋಟಕ್ಕೆ. ಜೂನ್ ಮೊದಲ ಮಳೆಗೆ ಕಟ್ಟಿದ್ದು. ಮಕ್ಕಳು ಏಣಿ ಹಿಡಿದರು, ಉಮ್ಮ ಕೆಳಗಿನಿಂದ ಹೇಳಿಕೊಟ್ಟರು. ಪ್ರದರ್ಶನದ ಹಾಲ್‌ನಲ್ಲಿ ಗಿಡದ ಬದಲು ಆ ಮರಗಳ ಫೋಟೋ ಮತ್ತು ಕಟ್ಟುವ ವಿಧಾನ ಬರೆದ ಬೋರ್ಡ್ ಇಟ್ಟರು. ಬಹುಮಾನದ ಮೇಜಿಗಿಂತ ಹೆಚ್ಚು ಜನ ನಿಂತದ್ದು ಆ ಬೋರ್ಡಿನ ಎದುರು. "ನಮ್ಮ ಮನೆಯ ಮರದಲ್ಲೂ ಇದೇ ಉಂಟಲ್ಲ, ನಾವು ಕಡಿಸಿ ಬಿಟ್ಟೆವು" ಎಂದವರನ್ನು ನಾನೇ ಕೇಳಿದ್ದೇನೆ.

ಕಟ್ಟುವ ವಿಧಾನ ಕಷ್ಟದ್ದಲ್ಲ. ತೊಗಟೆ ಒರಟಾಗಿರುವ ಮರ ಆಗಬೇಕು, ಮಾವು, ಹಲಸು ಒಳ್ಳೆಯದು. ಸಿಪ್ಪೆ ಉದುರಿಸುವ ಪೇರಳೆ, ನೀಲಗಿರಿ ಬೇಡ. ಮಧ್ಯಾಹ್ನದ ಬಿಸಿಲು ಬೀಳದ ಬದಿ ನೋಡಿ, ಹತ್ತಿಯ ಇಲ್ಲವೇ ತೆಂಗಿನ ನಾರಿನ ಹಗ್ಗದಲ್ಲಿ ಅಲುಗಾಡದ ಹಾಗೆ ಕಟ್ಟಬೇಕು. ಒಂದು ಮಳೆಗಾಲದಲ್ಲಿ ಬೇರು ತೊಗಟೆ ಹಿಡಿಯುತ್ತದೆ, ಹಗ್ಗ ತಾನಾಗಿ ಕೊಳೆಯುತ್ತದೆ. ಪ್ಲಾಸ್ಟಿಕ್ ಹಗ್ಗ, ಸರಿಗೆ ಬೇಡ.

ಕಾನೂನಿನ ಮಾತೂ ಗೊತ್ತಿರಲಿ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ನೀಲಿ ವಾಂಡ, ಕೆಂಪು ವಾಂಡ, ಲೇಡೀಸ್ ಸ್ಲಿಪ್ಪರ್ ಆರ್ಕಿಡ್‌ಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಇಡೀ ಆರ್ಕಿಡ್ ಕುಟುಂಬವೇ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಬರುತ್ತದೆ. ಬ್ಯಾಂಕಾಕ್‌ಗೆ ಹೋದವರು ಚೆಂದ ಕಂಡಿತೆಂದು ಕಾಗದಪತ್ರ ಇಲ್ಲದೆ ಬ್ಯಾಗಿನಲ್ಲಿ ಗಿಡ ತಂದರೆ ವಿಮಾನ ನಿಲ್ದಾಣದಲ್ಲಿ ತೊಂದರೆ ಆಗಬಹುದು.

ದುಡ್ಡು ಆಗ್ತದಾ ಉಸ್ತಾದರೇ?

ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ವೆನಿಲ್ಲಾ ಕತೆ ನೆನಪು ಮಾಡಿಕೊಳ್ಳಿ. ಸುಮಾರು 20 ವರ್ಷ ಹಿಂದೆ ನಮ್ಮ ಜಿಲ್ಲೆಯಲ್ಲಿ ಅಡಿಕೆ ಮರದ ಬುಡಕ್ಕೆಲ್ಲ ವೆನಿಲ್ಲಾ ಬಳ್ಳಿ ಬಂದಿತ್ತು. 2003ರ ಹೊತ್ತಿಗೆ ಬೆಲೆ ಆಕಾಶಕ್ಕೆ ಏರಿತು, ಕೋಡು ಕದಿಯದಂತೆ ರಾತ್ರಿ ಕಾವಲು ಕಾದವರಿದ್ದರು. ಎರಡು ವರ್ಷದಲ್ಲಿ ಬೆಲೆ ಕುಸಿದು, ಬಳ್ಳಿಯನ್ನು ಕಿತ್ತು ಹಾಕಿದರು. ಆ ಬಳ್ಳಿಯ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಸುಲಭ ವಿಧಾನ ಕಂಡುಹಿಡಿದದ್ದು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, ಆಗ 12 ವರ್ಷದ ಗುಲಾಮ ಹುಡುಗ. ಜಗತ್ತಿನ ವೆನಿಲ್ಲಾ ವ್ಯಾಪಾರ ಅವನ ಕೈಚಳಕದ ಮೇಲೆ ನಿಂತಿತು, ಅವನು ಬಡವನಾಗಿಯೇ ತೀರಿಹೋದ. ಹೂವಿನಿಂದ ದುಡ್ಡು ಬರುತ್ತದೆ, ಯಾರ ಕೈಗೆ ಎಂಬುದು ಬೇರೆ ಮಾತು.

ಡೆಂಡ್ರೋಬಿಯಂ ಹೂವಿಗೆ ಬೇಡಿಕೆ ಇರುವುದು ಹೌದು. ಆದರೆ ಶೇಡ್ ನೆಟ್, ಗಿಡ, ಆಳು ಎಂದು ಮೊದಲೇ ಖರ್ಚು. ಥಾಯ್ಲೆಂಡಿನಿಂದ ಬರುವ ಹೂವಿನ ಜೊತೆ ಪೈಪೋಟಿ. ಮಳೆಗಾಲದ ರೋಗ ಬೇರೆ. ಸಾಲ ಮಾಡಿ ಸಾವಿರ ಗಿಡ ಇಡುವ ಮೊದಲು ಹತ್ತು ಗಿಡವನ್ನು ಎರಡು ಮಳೆಗಾಲ ದಾಟಿಸಿ ನೋಡಿ ಎಂಬುದು ಕೂಟದ ಹಿರಿಯರ ಮಾತು. ಮನೆಯಲ್ಲೇ ಇರುವ ಹೆಣ್ಣುಮಕ್ಕಳು ಮರಿ ಗಿಡ ಮಾಡಿ ಮಾರಿ ತಮ್ಮ ಕೈಖರ್ಚು ನೋಡಿಕೊಳ್ಳುವುದು ಆಗುವ ಕೆಲಸ. ನಮ್ಮ ಕೂಟದಲ್ಲೇ ಹಾಗೆ ಮಾಡುವವರು ಇಬ್ಬರಿದ್ದಾರೆ.

ಶುರು ಮಾಡುವವರಿಗೆ ಒಳ್ಳೆಯ ಸಮಯ ಮಳೆ ಬಿಟ್ಟ ಮೇಲೆ, ಅಕ್ಟೋಬರ್. ನಂಬಿಕೆಯ ನರ್ಸರಿಯಿಂದ ಒಂದೇ ಒಂದು ಡೆಂಡ್ರೋಬಿಯಂ ತನ್ನಿ. ಹೂವಿರುವ ಗಿಡಕ್ಕಿಂತ ಹೊಸ ಚಿಗುರು, ಬಿಳಿ ಬೇರು ಇರುವ ಗಿಡ ನೋಡಿ ಆರಿಸಿ. ಹೆಸರಿನ ಚೀಟಿ ಬಿಸಾಡಬೇಡಿ. ಕಾಡಿನದ್ದು, ಕಡಿಮೆಗೆ ಕೊಡುತ್ತೇನೆ ಎಂದು ಮನೆ ಬಾಗಿಲಿಗೆ ಬರುವವರಿಂದ ಕೊಳ್ಳಬೇಡಿ. ಮತ್ತೆ ನಿಮ್ಮ ಮನೆ, ಮಸೀದಿ, ಶಾಲೆಯ ಹಿತ್ತಲಲ್ಲಿ ಮರ ಕಡಿಯುವ ಸಂದರ್ಭ ಬಂದರೆ, ಕತ್ತಿ ಹಾಕುವ ಮೊದಲು ಒಮ್ಮೆ ಕತ್ತೆತ್ತಿ ಕೊಂಬೆ ನೋಡಿ. ದಪ್ಪ ಎಲೆ, ಬೆಳ್ಳಗಿನ ಬೇರು ಕಂಡರೆ ಅದನ್ನು ಇಳಿಸಿ ಪಕ್ಕದ ಮರಕ್ಕೆ ಕಟ್ಟಿ. ಅರ್ಧ ಗಂಟೆಯ ಕೆಲಸ, ಒಂದು ತುಂಡು ಹಗ್ಗ ಸಾಕು.